ಬಾನೆಟ್ ಮುಚ್ಚಿದ ಸಂಜೆ: ಕಲಬುರಗಿಯ ಪಿಕಪ್ ಕೂಟವೊಂದರ ಪ್ರಕರಣ

ಕಲಬುರಗಿಯಲ್ಲಿ ಪಿಕಪ್ ಗಾಡಿಗಳನ್ನು ಇಷ್ಟಪಟ್ಟು ಸಾಕಿಕೊಂಡಿರುವ ಹನ್ನೊಂದು ಮಂದಿಯ ಕೂಟವೊಂದಿದೆ. ಅದಕ್ಕೆ ನೋಂದಣಿಯಿಲ್ಲ, ಫಲಕವಿಲ್ಲ, ಅಧ್ಯಕ್ಷರೂ ಇಲ್ಲ. ಇರುವುದು ಓಟದ ಸಮಯ ಬರೆದಿಡುವ ಒಂದು ಪುಸ್ತಕ, ಸಾಮಾನಿನ ಒಂದು ಪೆಟ್ಟಿಗೆ ಮತ್ತು ಭಾನುವಾರ ಬೆಳಗಿನ ಸುಸಲಾ-ಮಿರ್ಚಿ. ಈ ಕೂಟವು ಒಂದೇ ಒಂದು ಸಂಜೆಯ ಓಟದಿಂದಾಗಿ ಆರು ತಿಂಗಳು ಇಬ್ಭಾಗವಾಗಿತ್ತು. ಅದು ಒಡೆದದ್ದು ಹೇಗೆ, ಕೂಡಿಕೊಂಡದ್ದು ಹೇಗೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪುಸ್ತಕ ನನ್ನ ಕೈಯಲ್ಲಿರುತ್ತದೆ, ಗಡಿಯಾರವೂ ನನ್ನದೇ. ಆದ್ದರಿಂದ ನಾನು ಈ ಪ್ರಕರಣದ ಹೊರಗೆ ನಿಂತವನಲ್ಲ. ಒಡಕಿನ ಒಂದು ಪಾಲು ನನ್ನ ಲೆಕ್ಕದ ತಪ್ಪಿಗೇ ಸೇರಬೇಕಾದದ್ದು.

ಯಾರ ಹೆಸರನ್ನೂ ಬರೆಯುವುದಿಲ್ಲ. ನಮ್ಮಲ್ಲಿ ಹೆಸರಿನ ಬಳಕೆಯೇ ಕಡಿಮೆ. ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ತೊಗರಿ ಬೇಳೆಯ ಗಿರಣಿ ನಡೆಸುವವರನ್ನು ಎಲ್ಲರೂ ಸಾವಕಾರ್ರು ಎನ್ನುತ್ತಾರೆ. ಜೇವರ್ಗಿ ಕಡೆಯ ಗುತ್ತಿಗೆದಾರರು ಗೌಡ್ರು. ಅರವತ್ತು ದಾಟಿದ, ಬೊಲೆರೊ ಕ್ಯಾಂಪರ್ ಓಡಿಸುವ ಹಿರಿಯರು ಎಲ್ಲರಿಗೂ ಕಾಕಾ. ಆಳಂದ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮಿಸ್ತ್ರಿಯನ್ನು ಉಸ್ತಾದ್ ಎಂದು ಕರೆಯುತ್ತೇವೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಸರ್ವೆ ಪಾಠ ಹೇಳುವವನಾದ್ದರಿಂದ ನನಗೆ ಸರ್ ಎಂಬ ಹೆಸರು ಅಂಟಿಕೊಂಡಿದೆ. ನನ್ನ ಹಳೆಯ ಸ್ಕಾರ್ಪಿಯೊ ಗೆಟ್‌ಅವೇ ಯಾರೊಂದಿಗೂ ಪೈಪೋಟಿಗಿಳಿಯುವ ವಯಸ್ಸು ಮೀರಿ ಎಷ್ಟೋ ವರ್ಷಗಳಾಗಿವೆ. ನಾನು ಗಡಿಯಾರ ಹಿಡಿಯುವವನಾದದ್ದೂ ಅದೇ ಕಾರಣಕ್ಕೆ.

ಕೂಟದ ಗಾಡಿಗಳು

ಹೊರೆ ಹೊರಲೆಂದು ಕಟ್ಟಿದ ಗಾಡಿಯನ್ನು ವೇಗಕ್ಕಾಗಿ ತಿದ್ದುವ ಹವ್ಯಾಸ ನಮ್ಮ ನೆಲದ್ದಲ್ಲ, ಅದು ಅಮೆರಿಕದ್ದು. 1991ರಲ್ಲಿ ಜಿಎಂಸಿ ಕಂಪನಿಯು ಸೈಕ್ಲೋನ್ ಎಂಬ ಪುಟ್ಟ ಪಿಕಪ್‌ಗೆ 4.3 ಲೀಟರಿನ ಟರ್ಬೊ ಎಂಜಿನ್ ಕೂರಿಸಿ 280 ಅಶ್ವಶಕ್ತಿ ತೆಗೆದಾಗ, ಅಲ್ಲಿನ ಪತ್ರಿಕೆಯೊಂದು ಅದನ್ನು ಫೆರಾರಿ 348ರ ಪಕ್ಕ ನಿಲ್ಲಿಸಿ ಓಡಿಸಿತು. ಕಾಲು ಮೈಲಿಯ ಓಟದಲ್ಲಿ ಪಿಕಪ್ಪೇ ಮುಂದೆ ಬಂದಿತು. ಆಮೇಲೆ ಫೋರ್ಡಿನ ಲೈಟ್ನಿಂಗ್ ಬಂದಿತು, 2004ರಲ್ಲಿ 8.3 ಲೀಟರಿನ ಹತ್ತು ಸಿಲಿಂಡರ್ ಹೊತ್ತ ಡಾಡ್ಜ್ ರ‍್ಯಾಮ್ ಎಸ್‌ಆರ್‌ಟಿ-10 ಬಂದಿತು. ನಮ್ಮ ಕೂಟದ ಹುಡುಗರಿಗೆ ಈ ಕಥೆಗಳೆಲ್ಲ ಬಾಯಿಪಾಠವಾಗಿವೆ. ಆದರೆ ಸೈಕ್ಲೋನ್ ಹೊರುತ್ತಿದ್ದ ಹೊರೆ ಕೇವಲ 500 ಪೌಂಡು, ಅಂದರೆ ಸುಮಾರು 227 ಕಿಲೊ ಎಂದು ನಾನೊಮ್ಮೆ ಓದಿ ಹೇಳಿದಾಗ ಕಾಕಾ ನಕ್ಕುಬಿಟ್ಟರು. ‘ನಾಲ್ಕ್ ಚೀಲ ತೊಗರಿ ಹಾಕಿದ್ರ ಮುಗೀತು. ಹೊರಿ ಹೊರಲಾರದ್ದು ಟ್ರಕ್ ಹ್ಯಾಂಗ ಆಗ್ತದ್ರಿ ಸರ್?’ ಎಂದರು. ಈ ಪ್ರಶ್ನೆ ಪ್ರಕರಣದ ಕೊನೆಯಲ್ಲಿ ಮತ್ತೆ ಬರುತ್ತದೆ.

ನಮ್ಮಲ್ಲಿರುವ ಗಾಡಿಗಳು ಆ ಜಾತಿಯವಲ್ಲ. ಎಲ್ಲವೂ ಡೀಸೆಲ್, ಹೆಚ್ಚಿನವು ದಿನವೂ ದುಡಿಯುವಂಥವು. ಅವುಗಳ ನಡುವೆ ಎರಡು ಎದ್ದು ಕಾಣುತ್ತವೆ. ಒಂದು ಸಾವಕಾರ್ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. 1.9 ಲೀಟರ್ ಎಂಜಿನ್, ಕೈಯಿಂದ ಹಾಕುವ ಗೇರು, ಕಂಪನಿಯ ಲೆಕ್ಕದಲ್ಲಿ 163 ಪಿಎಸ್ (ಅಶ್ವಶಕ್ತಿಯಂಥದೇ ಅಳತೆ) ಶಕ್ತಿ, 360 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ನು ತಿರುಗಿಸುವ ಬಲ. ಇನ್ನೊಂದು ಗೌಡ್ರ ಟೊಯೊಟಾ ಹೈಲಕ್ಸ್. 2022ರಲ್ಲಿ ಭಾರತಕ್ಕೆ ಬಂದ ಈ ಗಾಡಿಯ 2.8 ಲೀಟರಿನ ಎಂಜಿನ್ 204 ಪಿಎಸ್ ಕೊಡುತ್ತದೆ, ಆಟೊಮ್ಯಾಟಿಕ್ ಗೇರಿನದಾದರೆ 500 ನ್ಯೂಟನ್ ಮೀಟರ್ ಟಾರ್ಕ್. ಕಾಗದದ ಮೇಲೆ ಇವೆರಡಕ್ಕೂ ಹೋಲಿಕೆಯೇ ಇಲ್ಲ. ಆದರೆ ಸಾವಕಾರ್ರು ಗೇರು ಬದಲಿಸುವ ಕೈಚಳಕಕ್ಕೆ ಇಡೀ ಕೂಟದಲ್ಲಿ ಹೆಸರಾದವರು. ಗೌಡ್ರು ಒಮ್ಮೆಯೂ ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳದೆ, ಪ್ರತಿ ಸಲವೂ ಅವರ ಕಾಲನ್ನೇ ನೋಡುತ್ತ ನಿಲ್ಲುತ್ತಿದ್ದರು.

ಒಡಕಿಗೆ ಮೊದಲು ಇವರಿಬ್ಬರ ನಡುವೆ ಇದ್ದದ್ದನ್ನು ಪೈಪೋಟಿ ಎನ್ನಬೇಕೋ ಗೆಳೆತನವೆನ್ನಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಒಬ್ಬರು ಟೈರು ಬದಲಿಸಿದರೆ ಹದಿನೈದು ದಿನದೊಳಗೆ ಇನ್ನೊಬ್ಬರದೂ ಬದಲಾಗುತ್ತಿತ್ತು. ಗೌಡ್ರ ಗಾಡಿಯಲ್ಲಿ ಸಣ್ಣದೊಂದು ಸದ್ದು ಬಂದರೆ, ಗೌಡ್ರಿಗಿಂತ ಮೊದಲು ಸಾವಕಾರ್ರ ಕಿವಿಗೆ ಅದು ಬೀಳುತ್ತಿತ್ತು. ಸಿಕ್ಕಿಬಿದ್ದ ಗಾಡಿ ಎಳೆಯುವ ನೈಲಾನ್ ಹಗ್ಗವನ್ನು ಇಬ್ಬರೂ ಅರ್ಧರ್ಧ ಹಣ ಹಾಕಿ ತಂದಿದ್ದರು. ಹಗ್ಗ ಸಾವಕಾರ್ರ ಗಾಡಿಯಲ್ಲಿ, ಅದನ್ನು ಕೊಂಡಿಗೆ ಸಿಕ್ಕಿಸುವ ಶಾಕಲ್‌ಗಳು ಗೌಡ್ರ ಗಾಡಿಯಲ್ಲಿ. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು. ಹೀಗೆ ಹಂಚಿಕೊಂಡದ್ದು ಯೋಚಿಸಿ ಮಾಡಿದ್ದಲ್ಲ. ತಂದ ದಿನ ಯಾರ ಗಾಡಿಯಲ್ಲಿ ಏನಿತ್ತೋ ಅದು ಅಲ್ಲೇ ಉಳಿದುಕೊಂಡಿತ್ತು.

ಕೂಟಕ್ಕೆ ಎರಡು ಕಟ್ಟಳೆಗಳಿದ್ದವು. ಸಾರ್ವಜನಿಕ ರಸ್ತೆಯಲ್ಲಿ ಓಟವಿಲ್ಲ ಎಂಬುದು ಮೊದಲನೆಯದು. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಹುಮನಾಬಾದ್ ರಸ್ತೆಯಲ್ಲಿ ರಾತ್ರಿ ದೀಪವಿಲ್ಲದೆ ಬರುವ ಟ್ರ್ಯಾಕ್ಟರ್ ಟ್ರಾಲಿಗಳನ್ನು ನೋಡಿದವರಿಗೆ ಕಾಯ್ದೆ ತೋರಿಸಿ ಹೇಳಬೇಕಾಗಿಲ್ಲ. ಎರಡನೆಯದು, ಎಂಜಿನ್ನಿಗೆ ಮಾಡಿದ ಯಾವ ತಿದ್ದುಪಡಿಯೂ ಪುಸ್ತಕದಲ್ಲಿ ಬರೆಯದೆ ಇರಕೂಡದು. ಬರೆಯದ ಗಾಡಿ ಕಂಪನಿಯಿಂದ ಬಂದ ಹಾಗೆಯೇ ಇದೆ ಎಂದು ಅರ್ಥ. ಈ ಎರಡನೆಯ ಕಟ್ಟಳೆಯನ್ನು ನಾವು ನಂಬಿಕೆಯ ಮೇಲೆ ಬಿಟ್ಟಿದ್ದೆವು. ಬಾನೆಟ್ ತೆರೆದು ನೋಡುವುದೆಂದರೆ ಎದುರಿನವರನ್ನು ಅನುಮಾನಿಸಿದಂತೆ ಎಂಬ ಸಂಕೋಚ ಎಲ್ಲರಲ್ಲೂ ಇತ್ತು.

ಖಣಿಯ ರಸ್ತೆಯ ಸಂಜೆ

ಶಹಾಬಾದ್ ಕಡೆ ಫರ್ಸಿ ಕಲ್ಲಿನ ಖಣಿಗಳಿವೆ. ಕೆಲಸ ನಿಂತುಹೋದ ಒಂದು ಖಣಿಗೆ ಹೋಗುವ ಸ್ವಂತ ರಸ್ತೆಯನ್ನು ಅದರ ಮಾಲೀಕರು ನಮಗೆ ಬಿಡುವಾದಾಗ ಬಳಸಿಕೊಳ್ಳಲು ಒಪ್ಪಿದ್ದರು. ನೇರವಾಗಿ ಸುಮಾರು 600 ಮೀಟರ್, ಒಳ್ಳೆಯ ಡಾಂಬರು, ಎರಡೂ ಬದಿಗೆ ಒಡೆದ ಕಲ್ಲಿನ ರಾಶಿ. ನಿಂತಲ್ಲಿಂದ ಗಂಟೆಗೆ 100 ಕಿಲೊಮೀಟರ್ ವೇಗ ತಲುಪಲು ಎಷ್ಟು ಸೆಕೆಂಡು ಎಂಬುದೇ ನಮ್ಮ ಓಟ. ಇಬ್ಬರು ಪಕ್ಕಪಕ್ಕ ಓಡುವುದಿಲ್ಲ, ಒಬ್ಬರ ನಂತರ ಒಬ್ಬರು. ಉಪಗ್ರಹದ ಸಂಕೇತ ಹಿಡಿದು ವೇಗ ಅಳೆಯುವ ಪುಟ್ಟ ಪೆಟ್ಟಿಗೆಯೊಂದಿದೆ, ಅದು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತೇನೆ.

ಶರಣಬಸವೇಶ್ವರ ಜಾತ್ರೆ ಮುಗಿದ ವಾರ, ಮಾರ್ಚಿನ ಬಿಸಿಲು ಇಳಿಯುವ ಹೊತ್ತಿನಲ್ಲಿ ಗೌಡ್ರು ಮೊದಲು ಓಡಿದರು. ಪಶ್ಚಿಮಕ್ಕೆ ಮುಖಮಾಡಿ, ಇಳಿಯುವ ಸೂರ್ಯನನ್ನು ಕಣ್ಣಿಗೇ ಇಟ್ಟುಕೊಂಡು ಓಡಿದ ಹೈಲಕ್ಸ್ 11.3 ಸೆಕೆಂಡು ತೆಗೆದುಕೊಂಡಿತು. ಸಾವಕಾರ್ರ ಸರದಿ ಬಂದಾಗ ಅವರು, ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಆ ತುದಿಯಿಂದ ಈ ತುದಿಗೆ ಬರುತ್ತೇನೆ ಎಂದರು. ನಾನು ಆಗಲಿ ಎಂದೆ. ಯಾರೂ ತಕರಾರು ಮಾಡಲಿಲ್ಲ, ಗೌಡ್ರೂ ಮಾಡಲಿಲ್ಲ. ಪೂರ್ವಕ್ಕೆ ಮುಖಮಾಡಿ ಬಂದ ವಿ-ಕ್ರಾಸ್ 10.9 ತೋರಿಸಿತು.

163 ಪಿಎಸ್‌ನ ಗಾಡಿ 204 ಪಿಎಸ್‌ನ ಗಾಡಿಯನ್ನು 0.4 ಸೆಕೆಂಡಿನಿಂದ ಹಿಂದೆ ಹಾಕಿತ್ತು. ಹುಡುಗರು ಸಾವಕಾರ್ರನ್ನು ಎತ್ತಿ ಕುಣಿದರು. ಗೌಡ್ರು ನಗುತ್ತಲೇ ಬಂದು, ‘ಸಾವಕಾರ್ರ, ಬಾನೆಟ್ ತಗೀರಿ ನೋಡಮ’ ಎಂದರು. ಸಾವಕಾರ್ರು ತೆಗೆಯಲಿಲ್ಲ. ‘ಪುಸ್ತಕದಾಗ ಏನ್ ಬರದದ ಅದೇ ಅದ. ಸೋತಾಗೊಮ್ಮೆ ಬಾನೆಟ್ ತಗೀ ಅಂದ್ರ ಹ್ಯಾಂಗ್ರಿ?’ ಎಂದರು. ಉಸ್ತಾದ್ ಆ ಹೊತ್ತಿಗೆ ವಿ-ಕ್ರಾಸಿನ ಬದಿಯಲ್ಲಿ ಬಗ್ಗಿ ನಿಂತಿದ್ದರು. ಅವರು ಏನೂ ಹೇಳಲಿಲ್ಲ. ಅವರ ಮೂಗಿಗೆ, ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವ ಕ್ಲಚ್ಚು ಸುಟ್ಟ ವಾಸನೆ ಬಡಿದಿತ್ತು ಎಂದು ನನಗೆ ಹೇಳಿದ್ದು ಮೂರು ವಾರಗಳ ನಂತರ.

ಮುಂದಿನ ಭಾನುವಾರ ಗೌಡ್ರು ಬರಲಿಲ್ಲ. ಅದರ ಮುಂದಿನ ಭಾನುವಾರ ಅವರೊಂದಿಗೆ ನಾಲ್ವರು ಬರಲಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಒಂದು ಗುಂಪು ಸೇಡಂ ರಸ್ತೆಯ ಹೋಟೆಲಿನಲ್ಲಿ, ಇನ್ನೊಂದು ಸೂಪರ್ ಮಾರ್ಕೆಟಿನ ಬಳಿ ಚಹಾ ಕುಡಿಯತೊಡಗಿತು. ಕಾಕಾ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ನಾನು ಎರಡೂ ಕಡೆ ಹೋಗದೆ ಮನೆಯಲ್ಲಿ ಉಳಿದೆ. ಅದು ಸರಿಯಾದ ನಡೆಯಾಗಿತ್ತೆಂದು ಈಗ ಅನ್ನಿಸುವುದಿಲ್ಲ.

ಅಳತೆಯ ವಿಚಾರ

ಬೇಸಿಗೆಯ ರಜೆಯಲ್ಲಿ ನಾನು ನೆಲದ ಏರಿಳಿತ ಅಳೆಯುವ ಕಾಲೇಜಿನ ಡಂಪಿ ಲೆವೆಲ್ಲನ್ನು ಅನುಮತಿ ಪಡೆದು ತೆಗೆದುಕೊಂಡು ಹೋಗಿ, ಒಬ್ಬ ವಿದ್ಯಾರ್ಥಿಯ ಕೈಗೆ ಅಳತೆಯ ಕೋಲು ಕೊಟ್ಟು ಆ ರಸ್ತೆಯನ್ನು ಅಳೆದೆ. ಕಣ್ಣಿಗೆ ಹಲಗೆಯಂತೆ ಸಮತಟ್ಟಾಗಿ ಕಾಣುತ್ತಿದ್ದ ರಸ್ತೆ, ಓಟ ನಡೆಯುವ 400 ಮೀಟರಿನಲ್ಲಿ ಪೂರ್ವಕ್ಕೆ 4 ಮೀಟರ್ ಇಳಿದಿತ್ತು. ನೂರಕ್ಕೆ ಒಂದರ ಇಳಿಜಾರು. ನಮ್ಮ ಎರೆ ನೆಲದ ಬಯಲಿನಲ್ಲಿ ಇಷ್ಟು ಇಳಿಜಾರನ್ನು ಕಣ್ಣು ಹಿಡಿಯುವುದಿಲ್ಲ. ಮಳೆ ನೀರಿಗೆ ಮಾತ್ರ ಅದು ತಿಳಿದಿರುತ್ತದೆ.

ಇದರ ಪರಿಣಾಮ ಎಷ್ಟೆಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಗಂಟೆಗೆ 100 ಕಿಲೊಮೀಟರ್ ಎಂದರೆ ಸೆಕೆಂಡಿಗೆ 27.78 ಮೀಟರ್. ಇದನ್ನು 11.3ರಿಂದ ಭಾಗಿಸಿದರೆ ಹೈಲಕ್ಸಿನ ಸರಾಸರಿ ವೇಗೋತ್ಕರ್ಷ, ಅಂದರೆ ಪ್ರತಿ ಸೆಕೆಂಡಿಗೆ ಏರುವ ವೇಗ, 2.46 ಬರುತ್ತದೆ. 10.9ರಿಂದ ಭಾಗಿಸಿದರೆ ವಿ-ಕ್ರಾಸಿನದು 2.55. ಭೂಮಿಯ ಸೆಳೆತ 9.8 ಇರುವುದರಿಂದ, ನೂರಕ್ಕೆ ಒಂದರ ಏರು ಗಾಡಿಯಿಂದ ಸುಮಾರು 0.1ನ್ನು ಕಿತ್ತುಕೊಳ್ಳುತ್ತದೆ, ಇಳಿಜಾರು ಅಷ್ಟನ್ನೇ ಕೈಗೆ ಕೊಡುತ್ತದೆ. ಗೌಡ್ರು ಏರಿನಲ್ಲಿ ಓಡಿದ್ದರು, ಸಾವಕಾರ್ರು ಇಳಿಜಾರಿನಲ್ಲಿ. ಕೂಡಿ ಕಳೆದು ನೋಡಿದರೆ ಸಮತಟ್ಟು ನೆಲದಲ್ಲಿ ಹೈಲಕ್ಸಿಗೆ 10.9 ಸೆಕೆಂಡೂ ವಿ-ಕ್ರಾಸಿಗೆ 11.3 ಸೆಕೆಂಡೂ ಆಗಬೇಕಾಗಿತ್ತು. ಅಂಕಿಗಳು ಹಾಗೆಯೇ ಇದ್ದವು, ಯಜಮಾನರು ಮಾತ್ರ ಅದಲುಬದಲಾಗಿದ್ದರು. ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಬೇಕೆಂಬುದು ಸರ್ವೆ ಕಲಿಸುವವನಿಗೆ ಹೊಸ ಮಾತಲ್ಲ. ಮುಂದಕ್ಕೆ ಅಳೆದದ್ದನ್ನು ಹಿಂದಕ್ಕೂ ಅಳೆದು ತಾಳೆ ನೋಡಿ ಎಂದು ನಾನೇ ವರ್ಷವಿಡೀ ತರಗತಿಯಲ್ಲಿ ಹೇಳುತ್ತಿರುತ್ತೇನೆ.

ಈ ಲೆಕ್ಕ ಎಲ್ಲವನ್ನೂ ಸರಿಪಡಿಸುತ್ತದೆಂದು ನಂಬಿ ಇಬ್ಬರ ಮನೆಗೂ ಹೋದೆ. ಗೌಡ್ರು ಕಾಗದವನ್ನು ಎರಡು ಸಲ ಓದಿ, ಮಡಚಿ ನನ್ನ ಕೈಗೇ ಕೊಟ್ಟರು. ‘ನಾ ಸೋತಿದ್ದಕ್ಕ ಸಿಟ್ಟಾಗಿಲ್ರಿ ಸರ್. ಅವರು ಬಾನೆಟ್ ತಗೀಲಿಲ್ಲ’ ಎಂದರು. ಸಾವಕಾರ್ರು ನಕ್ಕು, ‘ಲೆಕ್ಕ ನಿಮ್ದು, ಓಟ ನಂದು’ ಎಂದು ಚಹಾ ತರಿಸಿದರು. ಆದರೆ ಆ ನಗುವಿನಲ್ಲಿ ನೆಮ್ಮದಿ ಇರಲಿಲ್ಲ. ಸಮತಟ್ಟಿನಲ್ಲಿ 11.3 ಎಂಬುದು ಕೂಡ ಕಂಪನಿಯಿಂದ ಬಂದ ಹಾಗೆಯೇ ಇರುವ ಆ ಗಾಡಿಗೆ ಸುಲಭವಾಗಿ ಸಿಗುವ ಸಮಯವಲ್ಲ. ಹಿಂದಿನ ವರ್ಷ ಅದೇ ರಸ್ತೆಯ ಏರಿನಲ್ಲಿ ಅವರ ಸಮಯ 13ಕ್ಕಿಂತ ಹೆಚ್ಚಿತ್ತು, ಪುಸ್ತಕದಲ್ಲಿದೆ. ಏರಿನ ಲೆಕ್ಕವೊಂದೇ ಇಷ್ಟು ದೊಡ್ಡ ಅಂತರವನ್ನು ತುಂಬಿಸದು ಎಂಬುದು ನನಗೂ ಅವರಿಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ.

ನಡೆದದ್ದಿಷ್ಟು. ಜಾತ್ರೆಗೆ ಮೊದಲೇ ಸಾವಕಾರ್ರು ಹೈದರಾಬಾದಿಗೆ ಹೋಗಿ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಿಸಿಕೊಂಡು ಬಂದಿದ್ದರು. ಹುಡುಗರು ಇದನ್ನು ‘ಮ್ಯಾಪ್ ಮಾಡ್ಸೋದು’ ಎನ್ನುತ್ತಾರೆ. ಇಂದಿನ ಡೀಸೆಲ್ ಎಂಜಿನ್ನಿಗೆ ಎಷ್ಟು ಎಣ್ಣೆ, ಯಾವ ಗಳಿಗೆಯಲ್ಲಿ, ಎಷ್ಟು ಒತ್ತಡದಲ್ಲಿ ಸಿಂಪಡಿಸಬೇಕು, ಟರ್ಬೊ ಎಷ್ಟು ಗಾಳಿ ತುಂಬಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಆ ಕಂಪ್ಯೂಟರಿನ ಕೋಷ್ಟಕಗಳು. ಅವನ್ನು ತಿದ್ದಿದರೆ ಒಂದು ನಟ್ಟನ್ನೂ ಬಿಚ್ಚದೆ ಟಾರ್ಕ್ ಏರಿಸಬಹುದು. ಹಳೆಯ ಕಾಲದ ಗಾಡಿಯಾಗಿದ್ದರೆ ಕಪ್ಪು ಹೊಗೆ ಗುಟ್ಟು ಬಿಟ್ಟುಕೊಡುತ್ತಿತ್ತು. ಹೊಗೆಯ ಹೊಸ ಮಾನದಂಡಕ್ಕೆ ತಕ್ಕಂತೆ ಕಟ್ಟಿದ ಬಿಎಸ್-6 ಗಾಡಿಗಳಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕ ಇರುವುದರಿಂದ ಹೊಗೆ ನೋಡಿ ಹೇಳಲಾಗದು. ಬಾನೆಟ್ ತೆರೆದಿದ್ದರೂ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ! ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದು. ತೆರೆದರೆ ಏನೂ ಸಿಕ್ಕಿಬೀಳದ ಬಾನೆಟ್ಟನ್ನು ಅವರು ತೆರೆಯದಿದ್ದುದು, ತೆರೆದ ಮೇಲೆ ಗೌಡ್ರ ಮುಖ ನೋಡಿ ಸುಳ್ಳು ಹೇಳಬೇಕಾಗುತ್ತದೆ ಎಂಬ ಕಾರಣಕ್ಕೆ ಎಂದು ನನ್ನ ಎಣಿಕೆ.

ಗುಟ್ಟು ಹೊರಬೀಳುವ ದಾರಿ ಕ್ಲಚ್ಚಿನದಾಗಿತ್ತು. ಕ್ಲಚ್ ತಟ್ಟೆ ಎಷ್ಟು ಟಾರ್ಕನ್ನು ಜಾರದೆ ದಾಟಿಸಬಲ್ಲದು ಎಂಬುದು ಅದರ ತ್ರಿಜ್ಯ, ಒತ್ತುವ ಸ್ಪ್ರಿಂಗಿನ ಬಲ ಮತ್ತು ಉಜ್ಜುವ ಪದರದ ಗುಣದ ಮೇಲೆ ನಿಂತಿದೆ. ತಯಾರಿಸಿದವರು ತಮ್ಮ ಎಂಜಿನ್ನಿನ ಟಾರ್ಕಿಗೆ ಒಂದಿಷ್ಟು ಹೆಚ್ಚುವರಿ ಸೇರಿಸಿ ಅದನ್ನು ಕೂರಿಸಿರುತ್ತಾರೆ. ಮ್ಯಾಪ್ ಮಾಡಿಸಿದವರು ಆ ಹೆಚ್ಚುವರಿಯನ್ನು ತಿಂದುಹಾಕುತ್ತಾರೆ. ಮೇಲಿನ ಗೇರಿನಲ್ಲಿ ಒತ್ತಿದಾಗ ಎಂಜಿನ್ನಿನ ಸುತ್ತು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಅದರಲ್ಲಿ ತಯಾರಿಸಿದವರ ತಪ್ಪೇನೂ ಇರಲಿಲ್ಲ.

ಭೀಮೆಯ ದಂಡೆ

ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಕಡೆ ಮಳೆ ಹೆಚ್ಚಾಗಿ ಉಜನಿ ಜಲಾಶಯದಿಂದ ನೀರು ಬಿಟ್ಟರೆ, ಇಲ್ಲಿ ಮಳೆಯಿಲ್ಲದಿದ್ದರೂ ಭೀಮೆ ತುಂಬುತ್ತಾಳೆ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿ ದಂಡೆಯ ರೈತರಿಗೆ ಇದು ಗೊತ್ತಿರುವ ಮಾತು. 2020ರ ಅಕ್ಟೋಬರಿನ ಪ್ರವಾಹ ಕಂಡವರು ಡಂಗುರ ಸಾರುವವರೆಗೂ ಕಾಯುವುದಿಲ್ಲ, ಪಂಪ್‌ಸೆಟ್ಟಿನ ಮೋಟಾರನ್ನು ಮೊದಲೇ ಬಿಚ್ಚಿ ಮೇಲಕ್ಕೆ ತರುತ್ತಾರೆ. ಸಾವಕಾರ್ರ ತಂಗಿಯ ಗಂಡನ ಹೊಲ ಅಫಜಲಪುರ ತಾಲ್ಲೂಕಿನಲ್ಲಿ, ನದಿಗೆ ಹತ್ತಿರ. ಆ ಸೆಪ್ಟೆಂಬರಿನಲ್ಲಿ ಹೀಗೆ ನೀರು ಬಿಟ್ಟ ಒಂದು ಸಂಜೆ ಮೋಟಾರು ತರಲು ಸಾವಕಾರ್ರ ಗಾಡಿ ಹೊಲಕ್ಕಿಳಿಯಿತು. ಮೋಟಾರನ್ನು ಹಿಂದೆ ಹೇರಿಕೊಂಡು ಹೊರಳುವ ಹೊತ್ತಿಗೆ ಮಳೆಯೂ ಬಂದಿತು.

ಒದ್ದೆಯಾದ ಎರೆ ಮಣ್ಣು ಗೊತ್ತಿಲ್ಲದವರಿಗೆ ಹೇಳಬೇಕು. ಅದರಲ್ಲಿರುವ ಜೇಡಿ ನೀರು ಹೀರಿ ಉಬ್ಬುತ್ತದೆ, ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡು ಅದನ್ನು ನುಣುಪಾದ ಉರುಳೆ ಮಾಡಿಬಿಡುತ್ತದೆ. ಆಮೇಲೆ ನಾಲ್ಕು ಚಕ್ರ ತಿರುಗಿದರೂ ಗಾಡಿ ಒಂದೇ ಕಡೆ ಗುಂಡಿ ತೋಡಿಕೊಳ್ಳುತ್ತದೆ. ಸಾವಕಾರ್ರು ಹೊರಬರಲು ಒತ್ತಿದಷ್ಟೂ ಕ್ಲಚ್ ಜಾರಿತು. ಖಡಿ ಹಾಕಿದ ದಾರಿಗೆ ಇನ್ನು ನಲವತ್ತು ಮೀಟರ್ ಇರುವಾಗ ಅದು ಹಿಡಿಯುವುದನ್ನೇ ಬಿಟ್ಟಿತು. ಊರಿನ ಟ್ರ್ಯಾಕ್ಟರುಗಳೆಲ್ಲ ದಂಡೆಯ ಮನೆಗಳ ಸಾಮಾನು ಸಾಗಿಸುವುದರಲ್ಲಿದ್ದವು, ಅದು ಸರಿಯೂ ಆಗಿತ್ತು. ಸಾವಕಾರ್ರು ಕಾಕಾಗೆ ಫೋನು ಮಾಡಿದರು. ಕಾಕಾ ಗೌಡ್ರಿಗೆ ಮಾಡಿದರು. ಏನಂದಿರಿ ಎಂದು ನಾನು ಆಮೇಲೆ ಕೇಳಿದಾಗ, ‘ಸಿಟ್ಟು ನಾಳಿಗಿ ಇಟ್ಕೊ, ಗಾಡಿ ಇವತ್ತ ತಗಿ ಅಂದೆ. ಹೆಚ್ಚೇನ್ ಅನ್ಲಿಲ್ಲ’ ಎಂದರು. ಗೌಡ್ರು ನನ್ನನ್ನೂ ಉಸ್ತಾದರನ್ನೂ ಹತ್ತಿಸಿಕೊಂಡು ಹೊರಟಾಗ ರಾತ್ರಿ ಒಂಬತ್ತು ಮೀರಿತ್ತು. ದಾರಿಯುದ್ದಕ್ಕೂ ಗಾಡಿಯಲ್ಲಿ ಮಾತಿರಲಿಲ್ಲ.

ಹೊಲದ ಅಂಚಿನಲ್ಲಿ ಇಳಿದ ಗೌಡ್ರು ಟಾರ್ಚು ಹಿಡಿದು ವಿ-ಕ್ರಾಸಿನ ಸುತ್ತ ಒಂದು ಸಲ ನಡೆದರು. ಆಮೇಲೆ ಸಾವಕಾರ್ರ ಎದುರು ನಿಂತು, ‘ಮ್ಯಾಪ್ ಮಾಡ್ಸೀರೇನು ಇಲ್ಲೋ, ಖರೇ ಹೇಳ್ರಿ. ಕ್ಲಚ್ ಎಷ್ಟ್ ಉಳದದ ಅಂತ ನನಗ ಗೊತ್ತಾಗ್ಬೇಕು’ ಎಂದರು. ಅದು ಛೀಮಾರಿಯಾಗಿರಲಿಲ್ಲ, ಕೆಲಸದ ಪ್ರಶ್ನೆಯಾಗಿತ್ತು. ಸಿಕ್ಕಿಬಿದ್ದ ಗಾಡಿ ತನ್ನ ಚಕ್ರ ತಿರುಗಿಸಿ ನೆರವಾಗಬಲ್ಲದಾದರೆ ಎಳೆಯುವ ಬಗೆ ಒಂದು, ಹೆಣಭಾರವಾಗಿ ಕೂತಿದ್ದರೆ ಇನ್ನೊಂದು. ‘ಮಾಡ್ಸೀನ್ರಿ ಗೌಡ್ರ. ಜಾತ್ರಿಗಿ ಮುಂಚೇನ ಮಾಡ್ಸೀನಿ. ಕ್ಲಚ್ ಏನೂ ಉಳದಿಲ್ಲ’ ಎಂದರು ಸಾವಕಾರ್ರು. ಗೌಡ್ರು ‘ಆತು’ ಎಂದಷ್ಟೇ ಹೇಳಿ ಹಿಂದಿನ ಬಾಗಿಲು ತೆರೆದು ಶಾಕಲ್‌ಗಳನ್ನು ತೆಗೆದರು. ಸಾವಕಾರ್ರು ತಮ್ಮ ಸೀಟಿನ ಹಿಂದಿನಿಂದ ಹಗ್ಗ ತೆಗೆದರು.

ಹೈಲಕ್ಸನ್ನು ಹೊಲಕ್ಕೆ ಇಳಿಸಲಿಲ್ಲ. ಇಳಿಸಿದ್ದರೆ ಬೆಳಿಗ್ಗೆ ಎರಡು ಗಾಡಿ ತೆಗೆಯಬೇಕಾಗುತ್ತಿತ್ತು. ಖಡಿ ದಾರಿಯ ಮೇಲೆಯೇ ಅದನ್ನು ನಿಲ್ಲಿಸಿ, ನಡುವಿನ ದೂರಕ್ಕೆ ಊರವರು ಕೊಟ್ಟ ಎರಡು ಪಟ್ಟಿಗಳನ್ನು ನಮ್ಮ ಹಗ್ಗಕ್ಕೆ ಸೇರಿಸಿದೆವು. ಮೋಟಾರನ್ನು ನಾಲ್ವರು ಹೊತ್ತು ಇಳಿಸಿದರು. ನಾಲ್ಕೂ ಟೈರುಗಳ ಗಾಳಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದೆವು, ಟೈರು ಚಪ್ಪಟೆಯಾದಷ್ಟೂ ಮಣ್ಣಿನ ಮೇಲೆ ಹರವಿಕೊಂಡು ಹೂಳುವುದು ಕಡಿಮೆಯಾಗುತ್ತದೆ. ಅತಿ ಹೆಚ್ಚು ಹೊತ್ತು ಹಿಡಿದದ್ದು ಅಗೆಯುವ ಕೆಲಸ. ಗಾಡಿಯ ಹೊಟ್ಟೆ ಮಣ್ಣಿಗೆ ಅಂಟಿದ್ದರೆ ಎಂಥ ಎಂಜಿನ್ನಿಗೂ ಅದು ಬಗ್ಗುವುದಿಲ್ಲ. ಗೌಡ್ರು ಒಂದು ಕಡೆ, ಸಾವಕಾರ್ರು ಇನ್ನೊಂದು ಕಡೆ ಮಂಡಿಯೂರಿ ಸಲಿಕೆಯಿಂದಲೂ ಕೈಯಿಂದಲೂ ಮಣ್ಣು ತೆಗೆದರು, ಚಕ್ರಗಳ ಮುಂದೆ ಹೊಲದ ಮನೆಯಲ್ಲಿ ಉರುವಲಿಗೆ ಕೂಡಿಟ್ಟಿದ್ದ ಒಣ ತೊಗರಿ ಕಟ್ಟಿಗೆಯ ಹೊರೆಗಳನ್ನು ಹಾಸಿದರು. ಹಗ್ಗವನ್ನು ಚಾಸಿಯ ಕೊಂಡಿಗೇ ಸಿಕ್ಕಿಸಬೇಕು, ಟ್ರೇಲರ್ ಎಳೆಯುವ ಚೆಂಡಿನಾಕಾರದ ಕೊಂಡಿಗೆ ಎಂದೂ ಸಿಕ್ಕಿಸಬಾರದು, ಅದು ಮುರಿದರೆ ತೋಪಿನ ಗುಂಡಿನಂತೆ ಹಾರುತ್ತದೆ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ನೋಡಲು ಬಂದ ಊರ ಹುಡುಗರನ್ನು ಉಸ್ತಾದ್ ಬೈದು ದೂರ ಅಟ್ಟಿದರು.

ಮೊದಲ ಎಳೆತಕ್ಕೆ ಗಾಡಿ ಅಲುಗಿ ಮತ್ತೆ ಕೂತಿತು. ಮತ್ತೆ ಅಗೆದೆವು. ಎರಡನೆಯ ಸಲ ಗೌಡ್ರು ಕಡಿಮೆ ಗೇರಿನ ನಾಲ್ಕು ಚಕ್ರಕ್ಕೆ ಹಾಕಿ, ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಡಿಫರೆನ್ಶಿಯಲ್ ಲಾಕ್ ಮಾಡಿ, ಜೋರಾಗಿ ಜಗ್ಗದೆ ಮೆಲ್ಲಗೆ ಮುಂದೆ ಸರಿದರು. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗಿ, ಕೂಡಿಟ್ಟ ಬಲವನ್ನೆಲ್ಲ ಒಮ್ಮೆಲೆ ಬಿಟ್ಟಿತು. ನ್ಯೂಟ್ರಲ್ಲಿನಲ್ಲಿದ್ದ ವಿ-ಕ್ರಾಸ್ ತೊಗರಿ ಕಟ್ಟಿಗೆಯನ್ನು ಚಟಚಟನೆ ಮುರಿಯುತ್ತ ಮೇಲೆ ಬಂದಿತು. ನೀರು ಆ ಹೊಲಕ್ಕೆ ಬಂದದ್ದು ಮರುದಿನ ಮಧ್ಯಾಹ್ನ.

ಆ ರಾತ್ರಿ ತಂಗಿಯ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಲೆ ತಿನ್ನುವಾಗ ಯಾರೂ ಮಾರ್ಚಿನ ಮಾತೆತ್ತಲಿಲ್ಲ. ಕೈತೊಳೆಯಲು ಹೊರಬಂದಾಗ ಸಾವಕಾರ್ರು ನನಗೆ, ‘ಸರ್, ಪುಸ್ತಕದಾಗ ಆ ದಿನದ್ದು ಹೊಡದು ಹಾಕ್ರಿ’ ಎಂದರು. ನಾನು ಹೊಡೆದು ಹಾಕಲಿಲ್ಲ. 10.9ರ ಪಕ್ಕದಲ್ಲಿ ‘ಮ್ಯಾಪ್ ಮಾಡಿಸಿದ ಗಾಡಿ, ಇಳಿಜಾರು, ಗಡಿಯಾರ ಹಿಡಿದವನ ತಪ್ಪು’ ಎಂದು ಸೇರಿಸಿದೆ.

ಆ ನಂತರ

ಈ ಪ್ರಕರಣವನ್ನು ಕೇಳಿದ ಕೆಲವರು, ಪೈಪೋಟಿಯೇ ಕೂಟವನ್ನು ಒಡೆಯಿತು, ಸಂಕಟ ಬಂದಾಗ ಅದನ್ನು ಮರೆತು ಒಂದಾದರು ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಕತ್ತಲಲ್ಲಿ ಒಂದು ಸುತ್ತು ನಡೆದೇ ಆ ಗಾಡಿಯ ಸ್ಥಿತಿಯನ್ನು ಗೌಡ್ರು ಅಳೆದದ್ದು, ಎರಡು ವರ್ಷ ಅದನ್ನು ಸೋಲಿಸಬೇಕೆಂಬ ಹಟದಿಂದ ನೋಡಿದ್ದರಿಂದ. ಪೈಪೋಟಿ ಇಲ್ಲದ ನಮ್ಮಂಥವರಿಗೆ ಆ ಗಾಡಿಯ ಬಗ್ಗೆ ಅಷ್ಟು ತಿಳಿದಿರಲಿಲ್ಲ. ಒಡೆದದ್ದು ಮುಚ್ಚಿಟ್ಟ ಮಾತು. ಮ್ಯಾಪ್ ಮಾಡಿಸಿದ್ದೇನೆಂದು ಮಾರ್ಚಿನಲ್ಲೇ ಬರೆಸಿದ್ದರೆ ಗೌಡ್ರು ಕೆಣಕಿ, ನಕ್ಕು, ಬಹುಶಃ ತಾವೂ ಹೈದರಾಬಾದಿನ ದಾರಿ ಹಿಡಿಯುತ್ತಿದ್ದರು.

ಹಾಗೆ ಹಿಡಿಯದಿದ್ದುದೇ ಒಳ್ಳೆಯದಾಯಿತೆಂದೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಇಂಥ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆಮನೆ ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಹೀಗಿರುವಾಗ ‘ಬರೆದರೆ ಸಾಕು’ ಎಂಬ ನಮ್ಮ ಹಳೆಯ ಕಟ್ಟಳೆಯೇ ಸಡಿಲವಾಗಿತ್ತು. ಹೊಸ ಕ್ಲಚ್ ಹಾಕಿಸುವಾಗ ಸಾವಕಾರ್ರು ಮೂಲ ಕೋಷ್ಟಕವನ್ನೂ ಹಿಂದಕ್ಕೆ ಹಾಕಿಸಿದರು. ಈಗ ಮ್ಯಾಪ್ ಮಾಡಿಸಿದ ಗಾಡಿಗೆ ಕೂಟದಲ್ಲಿ ಓಟವಿಲ್ಲ. ಓಟಕ್ಕೆ ಮುಂಚೆ ಬಾನೆಟ್ ತೆರೆಯುವುದು ಎಲ್ಲರಿಗೂ ಕಡ್ಡಾಯ. ಉಸ್ತಾದ್ ತಮ್ಮ ಸ್ಕ್ಯಾನರ್ ಸಿಕ್ಕಿಸಿ ನೋಡುತ್ತಾರೆ, ಅದರಿಂದ ಎಲ್ಲ ತಿದ್ದುಪಡಿ ಸಿಕ್ಕಿಬೀಳದು ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಪ್ರತಿಯೊಬ್ಬರೂ ಎರಡೂ ದಿಕ್ಕಿನಲ್ಲಿ ಓಡಬೇಕು, ಸರಾಸರಿಯೇ ಪುಸ್ತಕಕ್ಕೆ ಹೋಗುತ್ತದೆ.

ಡಿಸೆಂಬರಿನ ಕೊನೆಯಲ್ಲಿ ಹಾಗೆ ಓಡಿದಾಗ ಹೈಲಕ್ಸ್ 10.8, ವಿ-ಕ್ರಾಸ್ 12.7. ಮಾರ್ಚಿನ ಸಂಜೆಗಿಂತ ಚಳಿಗಾಲದ ಬೆಳಗಿನ ಗಾಳಿ ಸಾಂದ್ರವಾಗಿರುವುದರಿಂದ ಎಂಜಿನ್ನುಗಳು ಸ್ವಲ್ಪ ಹುರುಪಿನಲ್ಲಿರುತ್ತವೆ ಎಂದು ನಾನು ವಿವರಿಸಲು ಹೊರಟರೆ ಕೇಳುವವರು ಯಾರೂ ಇರಲಿಲ್ಲ. ಸಾವಕಾರ್ರು ಆಗಲೇ ಇನ್ನೊಂದು ಹೂಟ ಹೂಡಿದ್ದರು. ಬರಿಗಾಡಿ ಓಡಿಸುವುದೇನು ದೊಡ್ಡದು, ಟ್ರಕ್ ಅಂದ ಮೇಲೆ ಹೊರೆ ಹೊತ್ತು ಓಡಲಿ ಎಂದು ಕಾಕಾನ ಹಳೆಯ ಪ್ರಶ್ನೆಯನ್ನೇ ಮುಂದಿಟ್ಟು, ಹೊಸ ತೊಗರಿಯ ನಾಲ್ಕು ನಾಲ್ಕು ಚೀಲ ಹೇರಿ ಓಡುವ ಸವಾಲು ಎಸೆದರು. ಗೌಡ್ರು ಒಪ್ಪಿದರು. ಒಪ್ಪಿದ ಮರುಗಳಿಗೆಯೇ, ಸಾವಕಾರ್ರ ಗಿರಣಿಯ ಚೀಲ ಐವತ್ತು ಕಿಲೊ ತೂಗುತ್ತದೆಂದು ನಂಬಲು ತಾನೇನು ಹುಚ್ಚನೇ ಎಂದು ಕೇಳಿದರು. ಸಾವಕಾರ್ರು ಗೌಡ್ರ ಹೊಲದ ತೊಗರಿಯಲ್ಲಿ ಅರ್ಧ ಕಲ್ಲಿರುತ್ತದೆ ಎಂದರು. ಎಂಟೂ ಚೀಲಗಳನ್ನು ಮುಂದಿನ ಭಾನುವಾರ ಬೆಳಿಗ್ಗೆ ಗಂಜಿನ ಕಾಟಾಕ್ಕೆ ಹಾಕಿ, ಎಲ್ಲರ ಎದುರು ತೂಗಿ, ತೂಕವನ್ನು ಪುಸ್ತಕದಲ್ಲಿ ಬರೆಯಬೇಕೆಂದು ಕಾಕಾ ತೀರ್ಪು ಕೊಟ್ಟಿದ್ದಾರೆ. ಕಾಟಾ ಯಾರದಾಗಿರಬೇಕು ಎಂಬ ವಾದ ಇದನ್ನು ಬರೆಯುವ ಹೊತ್ತಿಗೂ ನಡೆದಿದೆ.